ಟ್ರಂಕಿನ ತಳದ ಹಳೆಯ ಲೇಸ್: ಗುರುತಿಸಿ, ತೊಳೆದು, ಹೊಸ ಬಟ್ಟೆಗೆ ಹಚ್ಚುವ ಕ್ರಮ

ಮನೆಯ ಹಿರಿಯರ ಟ್ರಂಕು ತೆರೆದಾಗ ಸೀರೆಗಳ ಅಡಿಯಲ್ಲಿ ಸುರುಳಿ ಸುತ್ತಿಟ್ಟ ಲೇಸ್ ಸಿಕ್ಕಿದೆ, ಅದನ್ನು ಬೆಳ್ಳಗೆ ಮಾಡಿ ಹೊಸ ಸೀರೆಗೋ ಕುಪ್ಪಸಕ್ಕೋ ಹಚ್ಚಬಹುದೇ ಎಂದು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಮೇಲಿಂದ ಮೇಲೆ ಕೇಳುತ್ತಾರೆ. ಮದುವೆಯ ದಿನಗಳು ಹತ್ತಿರವಾದಂತೆ ಈ ಪ್ರಶ್ನೆ ಹೆಚ್ಚುತ್ತದೆ. ಒಬ್ಬರ ಕೈಯಲ್ಲಿ ಇರುವುದು ಅಜ್ಜಿ ಹೆಣೆದ ಕ್ರೋಶಾ ಪಟ್ಟಿ, ಇನ್ನೊಬ್ಬರದು ಹೈದರಾಬಾದಿ ಮದುವಣಗಿತ್ತಿಯ ಉಡುಗೆಯಾದ ಖಡಾ ದುಪಟ್ಟಾದಿಂದ ಬಿಚ್ಚಿಟ್ಟ ಗೋಟಾ ಎಂಬ ಮಿನುಗುವ ಪಟ್ಟಿ, ಮತ್ತೊಬ್ಬರದು ಕೂಸಿನ ಕುಂಚಿಗೆಯ ಅಂಚು. ಈ ಮೂರಕ್ಕೂ ಒಂದೇ ಉತ್ತರ ಕೊಟ್ಟರೆ ಎರಡು ಖಂಡಿತ ಹಾಳಾಗುತ್ತವೆ.

ಲೇಸಿನಲ್ಲಿ ನಾವು ಮೆಚ್ಚುವುದು ನೂಲಿನ ನಡುವಿನ ತೆರಪನ್ನು. ಆ ತೆರಪು ಹೇಗೆ ಉಂಟಾಯಿತು ಎಂಬುದರ ಮೇಲೆಯೇ ಉಳಿದೆಲ್ಲವೂ ನಿಂತಿದೆ: ಎಲ್ಲಿ ಕತ್ತರಿ ಹಾಕಬಹುದು, ಯಾವ ನೀರಿನಲ್ಲಿ ಅದ್ದಬಹುದು, ಯಾವ ಹೊಲಿಗೆ ಹಿಡಿಯುತ್ತದೆ, ಅಂಗಡಿಯವನು ಹೇಳಿದ ಬೆಲೆ ಸರಿಯೋ ಅಲ್ಲವೋ. ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರ ದಾಸಿಮಯ್ಯನ ವಚನದಲ್ಲಿ ಬರುವ ನೇಯ್ಗೆಯ ಉಂಕೆ, ಲಾಳಿ, ಕಂಡಿಕೆಗಳಲ್ಲಿ ಒಂದೂ ಕೈಲೇಸಿಗೆ ಬೇಕಾಗಿಲ್ಲ. ಅದು ಮಗ್ಗದ ಹಾಸು ಹೊಕ್ಕುಗಳಿಲ್ಲದೆ, ಗಾಳಿಯಲ್ಲಿಯೇ ಕಟ್ಟಿದ ಬಟ್ಟೆ. ಹಾಗಾಗಿ ನೇಯ್ದ ಬಟ್ಟೆಗೆ ಒಗ್ಗುವ ಒಗೆತ, ಹೊಲಿಗೆ, ಇಸ್ತ್ರಿಗಳೆಲ್ಲ ಇದಕ್ಕೆ ಒಗ್ಗುತ್ತವೆಂದು ತಿಳಿಯಬಾರದು.

ಬೇಕಾಗುವ ಸಾಮಾನು

ಸಾಮಾನು ದೊಡ್ಡದಿಲ್ಲ. ಹತ್ತಿರದಿಂದ ಚಿತ್ರ ತೆಗೆಯಬಲ್ಲ ಮೊಬೈಲು ಅಥವಾ ಒಂದು ಭೂತಗನ್ನಡಿ, ಹಿನ್ನೆಲೆಗೆ ಹಾಸಲು ಕಪ್ಪು ಬಟ್ಟೆ, ನೀರು ತುಂಬಲು ಅಗಲವಾದ ಪ್ಲಾಸ್ಟಿಕ್ ಬುಟ್ಟಿ, ಬಣ್ಣ ಮತ್ತು ಬ್ಲೀಚ್ ಇಲ್ಲದ ದ್ರವರೂಪದ ಸೌಮ್ಯ ಡಿಟರ್ಜೆಂಟ್, ಒಂದು ಕ್ಯಾನ್ ಫಿಲ್ಟರ್ ನೀರು, ಹಳೆಯ ಮಲ್‌ಮಲ್ ಬಟ್ಟೆ, ಬಿಳಿ ಟವೆಲ್, ತುಕ್ಕು ಹಿಡಿಯದ ಗುಂಡುಸೂಜಿ, ಅಳತೆ ಟೇಪು, 9 ಅಥವಾ 11ನೆಯ ನಂಬರಿನ ಮಷಿನ್ ಸೂಜಿ. ಕಬ್ಬಿಣದ ಗುಂಡುಸೂಜಿ ಮಾತ್ರ ಬೇಡ; ಒದ್ದೆ ಲೇಸಿನಲ್ಲಿ ಒಂದು ರಾತ್ರಿ ಉಳಿದರೆ ಸಾಕು, ಅದರ ತುಕ್ಕಿನ ಚುಕ್ಕೆ ಆ ಲೇಸ್ ಇರುವವರೆಗೂ ಉಳಿಯುತ್ತದೆ.

ಹಂತ 1: ಕತ್ತರಿ ಮುಟ್ಟುವ ಮುನ್ನ ಬಗೆ ಗುರುತಿಸಿ

ಕಪ್ಪು ಬಟ್ಟೆಯ ಮೇಲೆ ಲೇಸನ್ನು ಹಾಸಿ, ಮುಖ ಮತ್ತು ಬೆನ್ನು ಎರಡರ ಚಿತ್ರವನ್ನೂ ತೆಗೆದು ಹಿಗ್ಗಿಸಿ ನೋಡಿರಿ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಅದು ಹೆಚ್ಚಲ್ಲ.

ನೂಲು ಕುಣಿಕೆಯೊಳಗಿಂದ ಕುಣಿಕೆಯಾಗಿ ಸಾಗಿ, ಮೇಲೆ ಸಣ್ಣ ಸಣ್ಣ ಕಂಬಗಳು ನಿಂತಂತೆ ಕಂಡರೆ ಅದು ಕ್ರೋಶಾ. ಕೊಕ್ಕೆ ಇರುವ ಒಂದೇ ಸೂಜಿ, ಒಂದೇ ಎಳೆ. ಕಂಬ ಎಂದರೆ ಕೊಕ್ಕೆಗೆ ನೂಲನ್ನು ಒಂದು ಸುತ್ತು ಹಾಕಿ, ಎಳೆದು, ಎತ್ತರಕ್ಕೆ ನಿಲ್ಲಿಸಿದ ಹೆಣಿಕೆ. ಚೈನ್ ಎಂದರೆ ಅವುಗಳನ್ನು ಕೂಡಿಸುವ ಸರಪಳಿ. ಕೈಕೆಲಸವಾದ್ದರಿಂದ ಕಂಬಗಳ ಎತ್ತರದಲ್ಲಿ ಅಲ್ಪಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಐರ್ಲೆಂಡಿನಲ್ಲಿ 1840ರ ದಶಕದ ಬರಗಾಲದಲ್ಲಿ ಬಡ ಮನೆಗಳಿಗೆ ಅನ್ನ ಕೊಟ್ಟದ್ದು ಈ ಕೆಲಸವೇ. ನಮಗೆ ಹತ್ತಿರದ ದೊಡ್ಡ ಕೇಂದ್ರವೆಂದರೆ ಆಂಧ್ರದ ಗೋದಾವರಿ ಸೀಮೆಯ ನರಸಾಪುರ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳ ಮೂಲಕ ಅಲ್ಲಿ ಬೇರೂರಿದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ, ಅಂದರೆ ಆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ಗುರುತು, ದೊರೆತಿದೆ. ಎಚ್ಚರಿಕೆ ಏನೆಂದರೆ, ಕ್ರೋಶಾವನ್ನು ಮಧ್ಯದಲ್ಲಿ ಕತ್ತರಿಸಿದರೆ ಬಿಟ್ಟ ಎಳೆ ಹಿಡಿದು ಹೆಣಿಕೆ ಬಿಚ್ಚುತ್ತಲೇ ಹೋಗುತ್ತದೆ.

ಭೂತಗನ್ನಡಿಯಲ್ಲಿ ಎಳೆಗಳು ಒಂದರ ಮೇಲೊಂದು ದಾಟಿ, ಅಲ್ಲಲ್ಲಿ ಅಚ್ಚ ನೇಯ್ಗೆಯಂತೆ, ಅಲ್ಲಲ್ಲಿ ಜಡೆಯಂತೆ ಕಂಡರೆ ಅದು ಬಾಬಿನ್ ಲೇಸ್. ನೂಲು ಸುತ್ತಿದ ಹತ್ತಾರು ಪುಟ್ಟ ಕಡ್ಡಿಗಳನ್ನು ದಿಂಬಿನ ಮೇಲೆ ಗುಂಡುಸೂಜಿಗಳ ಸುತ್ತ ಹಾಯಿಸುತ್ತಾ ಇದನ್ನು ಹೆಣೆಯುತ್ತಾರೆ. ಆ ಕಡ್ಡಿಗಳನ್ನು ಹಿಂದೆ ಮೂಳೆಯಿಂದಲೂ ಮಾಡುತ್ತಿದ್ದರು. ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದ ದೊರೆ, ಮೂಳೆಗಳಿಂದ ನೂಲು ಹೆಣೆಯುವ ಹುಡುಗಿಯರು ಹಾಡುವ ಹಾಡೊಂದನ್ನು ನೆನೆಯುವುದು ಇದೇ ಕಾರಣಕ್ಕೆ. ಕನ್ಯಾಕುಮಾರಿ ಬಳಿಯ ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಎಂಬ ಮಿಶನರಿ ಮಹಿಳೆ 1820ರ ದಶಕದಲ್ಲಿ ಹೆಣ್ಣುಮಕ್ಕಳಿಗೆ ಲೇಸ್ ಕಲಿಸಲು ತೊಡಗಿದ್ದರು. ಇಂತಹ ತುಣುಕು ನಿಮಗೆ ಸಿಕ್ಕರೆ ನನ್ನ ಸಲಹೆ ಒಂದೇ: ಅದನ್ನು ಯಾವ ಬಟ್ಟೆಗೂ ಹಚ್ಚಬೇಡಿ, ತೊಳೆದು ಜೋಪಾನವಾಗಿಡಿ.

ಟ್ರಂಕಿನಲ್ಲಿ ಸಿಗುವುದರಲ್ಲಿ ಹೆಚ್ಚಿನದು ಯಂತ್ರದ್ದೇ. ಅದಕ್ಕೆ ಬೇಸರ ಬೇಡ. ಜಾನ್ ಹೀತ್‌ಕೋಟ್ ಎಂಬ ಇಂಗ್ಲೆಂಡಿನ ಯಂತ್ರಕರ್ಮಿ 1809ರಲ್ಲಿ ಷಟ್ಕೋನದ ಕಣ್ಣುಗಳ ನೆಟ್ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಕೈಲೇಸಿನ ಬೆಲೆ ಕುಸಿದು ಸಾಮಾನ್ಯರೂ ಲೇಸ್ ತೊಡುವಂತಾಯಿತು. 1816ರಲ್ಲಿ ಯಂತ್ರವಿರೋಧಿ ಕೂಲಿಗಳ ಗುಂಪು ಅವನ ಕಾರ್ಖಾನೆಯ ಯಂತ್ರಗಳನ್ನು ಒಡೆದುಹಾಕಿದಾಗ ಅವನು ಊರನ್ನೇ ಬದಲಿಸಿದನು. ಯಂತ್ರದ ಲೇಸಿನಲ್ಲಿ ನೀವು ನಾಲ್ಕು ಬಗೆಗಳನ್ನು ಗುರುತಿಸಿದರೆ ಸಾಕು.

ಪಟ್ಟಿಯ ಉದ್ದಕ್ಕೂ ಅತಿ ಸಣ್ಣ ಸರಪಳಿಗಳ ಸಾಲು ಗೆರೆ ಎಳೆದಂತೆ ಸಮನಾಗಿ ಓಡಿದ್ದರೆ ಅದು ರಾಶೆಲ್ ಯಂತ್ರದ ಹೆಣಿಕೆ. ಇದನ್ನು ಅಡ್ಡ ಕತ್ತರಿಸಿದರೂ ಎಳೆ ಅಷ್ಟಾಗಿ ಬಿಚ್ಚುವುದಿಲ್ಲ. ಅಂಗಡಿಯಲ್ಲಿ ‘ಕ್ರೋಶಾ ಲೇಸ್’ ಎಂದು ಮಾರುವ ಸುರುಳಿಗಳಲ್ಲಿ ಬಹುಪಾಲು ಈ ಬಗೆಯವೇ. ಷಟ್ಕೋನದ ನೆಟ್ಟಿನ ಮೇಲೆ ಹೂಬಳ್ಳಿ ಹೊಲಿದಿದ್ದರೆ ಅದು ನೆಟ್ ಲೇಸ್; ಇಲ್ಲಿ ಹೂವು ಗಟ್ಟಿ, ನೆಟ್ ನಾಜೂಕು. ಹಿನ್ನೆಲೆಯ ನೆಟ್ಟೇ ಇಲ್ಲದೆ, ದಪ್ಪನೆಯ ಉಬ್ಬು ಹೂವುಗಳು ಒಂದಕ್ಕೊಂದು ಸಣ್ಣ ಸೇತುವೆಗಳಿಂದ ಕೂಡಿದ್ದರೆ ಅದನ್ನು ಅಂಗಡಿಯವರು ‘ಜಿಪಿಓ ಲೇಸ್’ ಎನ್ನುತ್ತಾರೆ. ಕರಗುವ ಬಟ್ಟೆಯ ಮೇಲೆ ಒತ್ತಾಗಿ ಕಸೂತಿ ಹೊಲಿದು, ಆಮೇಲೆ ಆ ಬಟ್ಟೆಯನ್ನು ಕರಗಿಸಿ ತೆಗೆದು ಇದನ್ನು ತಯಾರಿಸುತ್ತಾರೆ. ಅಂಚಿನಲ್ಲಿ ಸಣ್ಣ ಕೂದಲಿನಂತಹ ಎಳೆಗಳು ಕಾಣುವುದು ಇದರ ಗುರುತು. ಒಂದೊಂದು ಹೂವನ್ನೂ ಬಿಡಿಬಿಡಿಯಾಗಿ ಕತ್ತರಿಸಿ ಹಚ್ಚಲು ಇದಕ್ಕಿಂತ ಅನುಕೂಲದ ಲೇಸ್ ಬೇರೆ ಇಲ್ಲ. ನಾಲ್ಕನೆಯದು ಹಕೋಬಾ: ಹತ್ತಿ ಬಟ್ಟೆಗೆ ರಂಧ್ರ ಕೊರೆದು, ಅದರ ಸುತ್ತ ಹೊಲಿದ ಪಟ್ಟಿ. ಇದು ಬಟ್ಟೆಯೇ ಆದ್ದರಿಂದ ಬಟ್ಟೆಯಂತೆಯೇ ನಡೆಸಿಕೊಳ್ಳಬಹುದು.

ಇವೆಲ್ಲಕ್ಕೂ ಹೊರಗೆ ನಿಲ್ಲುವುದು ಗೋಟಾ ಮತ್ತು ಕಿರಣ. ಲೋಹದ ಚಪ್ಪಟೆ ಎಳೆಯಿಂದ ನೇಯ್ದ ಪಟ್ಟಿ ಗೋಟಾ. ಅದರ ಅಂಚಿನಿಂದ ಮಿನುಗುವ ಎಳೆಗಳು ಇಳಿಬಿದ್ದರೆ ಕಿರಣ. ಶಾಸ್ತ್ರೀಯವಾಗಿ ಇವು ಲೇಸ್ ಅಲ್ಲ. ಆದರೆ ಹೈದರಾಬಾದ್ ಸಂಸ್ಥಾನದ ಉಡುಗೆಯ ಪದ್ಧತಿ ಬೆಳೆದ ನಮ್ಮ ಜಿಲ್ಲೆಗಳಲ್ಲಿ ಲೇಸಿನ ಅಂಗಡಿಗೆ ಹೋದವರು ಮೊದಲು ಕೇಳುವುದು ಇವನ್ನೇ, ಆದ್ದರಿಂದ ಇವನ್ನು ಬಿಟ್ಟು ಬರೆಯಲಾಗದು.

ಹಂತ 2: ಎಳೆ ಯಾವುದೆಂದು ತಿಳಿಯಿರಿ

ಅಂಚಿನಲ್ಲಿ ಬಿಟ್ಟುಕೊಂಡ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಬೆಂಕಿಗೆ ತಾಗಿಸಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ರೇಯಾನ್ ಸಹ ಹೀಗೆಯೇ ಉರಿಯುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಕುಗ್ಗಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಂದ ಒತ್ತಿದರೆ ಪುಡಿಯಾಗುವ ಕರಿ. ಲೇಸಿನ ಮೇಲೆಯೇ ಕಡ್ಡಿ ಗೀರುವ ಸಾಹಸ ಬೇಡ. ಎಳೆಯನ್ನು ಬೇರ್ಪಡಿಸಿ, ಮಕ್ಕಳನ್ನು ದೂರ ಕಳಿಸಿ ಮಾಡಿರಿ.

ಗೋಟಾ ಮತ್ತು ಜರಿಗೆ ಬೆಂಕಿ ಬೇಡ, ಕಣ್ಣೇ ಸಾಕು. ಬೆಳ್ಳಿ ವರ್ಷಗಳು ಕಳೆದಂತೆ ಕಪ್ಪಾಗುತ್ತದೆ, ತಾಮ್ರ ಕೆಂಪಾಗಿ ಕೆಲವೆಡೆ ಹಸಿರು ತಿರುಗುತ್ತದೆ, ಪ್ಲಾಸ್ಟಿಕ್ ಜರಿಯ ಹೊಳಪು ಸಿಪ್ಪೆಯಂತೆ ಏಳುತ್ತದೆ. ಹಾಗಾಗಿ ಕಪ್ಪಾದ ಗೋಟಾ ಕಂಡ ಕೂಡಲೇ ಹಾಳಾಯಿತೆಂದು ಎಸೆಯುವುದಾಗಲಿ, ಹಳೆ ಜರಿ ಕೊಳ್ಳುವವರಿಗೆ ತೂಕಕ್ಕೆ ಕೊಡುವುದಾಗಲಿ ಮಾಡಬೇಡಿ. ಮನೆಯಲ್ಲಿರುವ ಪಟ್ಟಿಗಳಲ್ಲಿ ಬೆಲೆಯುಳ್ಳದ್ದು ಆ ಕಪ್ಪಾದದ್ದೇ ಆಗಿರಬಹುದು.

ಹಂತ 3: ತೊಳೆಯುವುದು

ನಮ್ಮ ಕಡೆಯ ಬೋರಿನ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಸೋಪಿನೊಂದಿಗೆ ಕೂಡಿ ಜಿಗುಟಾದ ಬೂದು ಕೆನೆಯಾಗುತ್ತವೆ, ಮತ್ತು ಆ ಕೆನೆ ಲೇಸಿನ ತೆರಪುಗಳಲ್ಲಿ ಕುಳಿತರೆ ಹೊರಡುವುದಿಲ್ಲ. ಬಟ್ಟೆ ಸೋಪನ್ನು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿರೆಂದು ನಾನು ಹೇಳುವುದೂ, ಕೊನೆಯ ನೀರು ಫಿಲ್ಟರ್ ಕ್ಯಾನಿನದೇ ಆಗಿರಲಿ ಎನ್ನುವುದೂ ಈ ಕಾರಣಕ್ಕೆ. ಮಳೆಗಾಲವಾದರೆ ತಗಡಿನ ಸಂಪರ್ಕವಿಲ್ಲದೆ ಹಿಡಿದ ಮಳೆನೀರು ಇನ್ನೂ ಒಳ್ಳೆಯದು.

ಮೊದಲು ಲೇಸನ್ನು ಮಲ್‌ಮಲ್ ಬಟ್ಟೆಯ ಮೇಲೆ ಹಾಸಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಎಳೆದು ತೆಗೆಯುವ ಸಡಿಲ ಹೊಲಿಗೆ, ಹಾಕಿಕೊಳ್ಳಿರಿ. ಒದ್ದೆಯಾದ ಹಳೆ ಲೇಸ್ ತನ್ನ ತೂಕಕ್ಕೇ ಹರಿಯುತ್ತದೆ. ಮಲ್‌ಮಲ್ ಅದರ ಭಾರವನ್ನು ಹೊರುತ್ತದೆ. ಬರಿಯ ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗಬಹುದು, ಗಾಬರಿಯಾಗಬೇಡಿ, ಅದು ಹಳೆಯ ನೂಲಿನಿಂದ ಹೊರಬರುವ ಕೊಳೆ. ಆ ನೀರು ಚೆಲ್ಲಿ ಇನ್ನೊಮ್ಮೆ ನೆನೆಯಿಡಿ. ಬಳಿಕ ಲೀಟರಿಗೆ ಅರ್ಧ ಚಮಚದಷ್ಟು ಡಿಟರ್ಜೆಂಟ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅಂಗೈಯಿಂದ ಮೆಲ್ಲಗೆ ಒತ್ತುತ್ತಿರಿ. ಉಜ್ಜುವುದು, ಹಿಂಡುವುದು, ಬ್ರಶ್ ಹಾಕುವುದು, ಕಲ್ಲಿಗೆ ಬಡಿಯುವುದು ಯಾವುದೂ ಸಲ್ಲದು. ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿ, ಎತ್ತುವಾಗ ಮಲ್‌ಮಲ್ ಸಮೇತ ಎರಡೂ ಕೈಗಳಿಂದ ಎತ್ತಿರಿ.

ಅಂಟುವಾಳ ಕಾಯಿಯ ನೀರು ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ಬಣ್ಣದ ರೇಷ್ಮೆಗೆ ಅದು ಒಳ್ಳೆಯದೇ. ಬಿಳಿ ಲೇಸಿಗೆ ಅದು ತೆಳುವಾದ ಕಂದು ಛಾಯೆ ಬಿಡುವುದರಿಂದ ಬೇಡ. ಹಾಲಿನಲ್ಲಿ ನೆನೆಸುವ ಪದ್ಧತಿಯ ಬಗ್ಗೆಯೂ ಕೇಳುವವರಿದ್ದಾರೆ. ಅದು ಯುರೋಪಿನ ಹಳೆಯ ಪದ್ಧತಿ. ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’ ಕಾದಂಬರಿಯಲ್ಲಿ ಹಾಲಿನಲ್ಲಿ ನೆನೆಯಿಟ್ಟ ಹಳೆಯ ಬೆಲೆಬಾಳುವ ಲೇಸನ್ನು ಬೆಕ್ಕು ಹಾಲಿನೊಂದಿಗೆ ನುಂಗಿಬಿಡುತ್ತದೆ, ಅದಕ್ಕೆ ಔಷಧ ಕುಡಿಸಿ ಲೇಸನ್ನು ಹೊರಗೆ ತೆಗೆಸುತ್ತಾರೆ, ತೊಳೆದು ಮತ್ತೆ ತೊಡುತ್ತಾರೆ. ಬಡತನ ಬಂದರೂ ಮರ್ಯಾದೆಯ ಕುರುಹನ್ನು ಬಿಡಲಾರದ ಹೆಂಗಸರನ್ನು ಲೇಖಕಿ ನಗುತ್ತಲೇ ತೋರಿಸಿದ್ದಾರೆ. ಕಥೆ ಸೊಗಸಾಗಿದೆ, ಉಪಾಯ ನಮಗೆ ಬೇಡ: 42 ಡಿಗ್ರಿ ಬಿಸಿಲಿನ ಊರಿನಲ್ಲಿ ಹಾಲು ಒಡೆದು, ಅದರ ಅಂಶ ನೂಲಿನಲ್ಲಿ ಉಳಿದು, ಹುಳುಗಳಿಗೆ ಆಹ್ವಾನ ಕೊಡುತ್ತದೆ.

ಹಳದಿ ಬಣ್ಣವನ್ನು ಪೂರ್ತಿ ತೆಗೆಯಬಹುದೇ ಎಂಬುದು ಎಲ್ಲರ ಮುಖ್ಯ ಪ್ರಶ್ನೆ. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯ ಮಿಸ್ ಹ್ಯಾವಿಶಮ್, ಮದುವೆ ಮುರಿದ ದಿನದ ರೇಷ್ಮೆ ಮತ್ತು ಲೇಸನ್ನು ವರ್ಷಗಟ್ಟಲೆ ತೊಟ್ಟೇ ಕೂರುತ್ತಾಳೆ. ಬಿಳಿಯಾಗಿರಬೇಕಾದದ್ದೆಲ್ಲ ಹಳದಿಯಾದುದನ್ನು ಕಂಡು ಹುಡುಗ ಪಿಪ್ ಬೆದರುತ್ತಾನೆ. ಆ ಹಳದಿ ಕೊಳೆಯಷ್ಟೇ ಅಲ್ಲ, ಹತ್ತಿಯ ನಾರು ಗಾಳಿ ಬೆಳಕಿನೊಂದಿಗೆ ಕೂಡಿ ನಿಧಾನವಾಗಿ ಶಿಥಿಲವಾಗುವುದರ ಗುರುತು. ತೊಳೆದಾಗ ಒಂದಿಷ್ಟು ತಿಳಿಯಾಗುತ್ತದೆ, ಉಳಿದದ್ದು ಉಳಿಯುತ್ತದೆ. ಮೊಸರಿನ ಕೆನೆಯ ಬಣ್ಣದಲ್ಲಿ ನಿಂತ ಲೇಸನ್ನು ಅಲ್ಲಿಗೇ ಬಿಡುವುದು ನನ್ನ ದೃಷ್ಟಿಯಲ್ಲಿ ಜಾಣತನ. ಕ್ಲೋರಿನ್ ಬ್ಲೀಚನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ಹತ್ತಿಯನ್ನು ಕೊರೆಯುತ್ತದೆ, ನೈಲಾನನ್ನು ಇನ್ನಷ್ಟು ಹಳದಿ ಮಾಡುತ್ತದೆ. ನೀಲಿ ಹಾಕುವುದಾದರೆ ನೀರಿನಲ್ಲಿ ಪೂರ್ತಿ ಕಲಸಿದ ಮೇಲೆ ಲೇಸನ್ನು ಅದ್ದಿರಿ, ಇಲ್ಲದಿದ್ದರೆ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ.

ಗೋಟಾ, ಕಿರಣ, ನಿಜ ಜರಿಯ ಪಟ್ಟಿಗಳಿಗೆ ನೀರೇ ಬೇಡ. ಮೆತ್ತನೆಯ ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಹುಣಸೆಹಣ್ಣು, ನಿಂಬೆಹುಳಿ, ಹಲ್ಲುಜ್ಜುವ ಪೇಸ್ಟು ಇವೆಲ್ಲ ತಾಮ್ರದ ಕೊಡಕ್ಕೆ ಸರಿ. ಗೋಟಾದ ಒಳಗಿನ ನೂಲು ಅದನ್ನು ತಾಳುವುದಿಲ್ಲ.

ಹಂತ 4: ಒಣಗಿಸುವುದು ಮತ್ತು ಇಸ್ತ್ರಿ

ಬಿಳಿ ಟವೆಲಿನ ಮೇಲೆ ಹಾಸಿ, ಇನ್ನೊಂದು ಟವೆಲಿನಿಂದ ಒತ್ತಿ ನೀರು ಹೀರಿಸಿರಿ. ಆಮೇಲೆ ದಪ್ಪ ಹಾಸಿನ ಮೇಲೆ ಅಂಚಿನ ಒಂದೊಂದು ಏಣನ್ನೂ ಸರಿಪಡಿಸಿ, ಗುಂಡುಸೂಜಿ ಚುಚ್ಚಿ, ಫ್ಯಾನಿನ ಗಾಳಿಗೆ ಬಿಡಿ. ಹೀಗೆ ಆಕಾರ ಹಿಡಿಸಿ ಒಣಗಿಸಿದ ಕ್ರೋಶಾಕ್ಕೆ ಇಸ್ತ್ರಿಯೇ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಕಬೇಡಿ: ಬಿಸಿಲು ನಾರನ್ನು ಸುಡುವುದಲ್ಲದೆ, ಮಧ್ಯಾಹ್ನದ ಬಿಸಿಗಾಳಿ ಹೊತ್ತು ತರುವ ಮಣ್ಣು ಒದ್ದೆ ಲೇಸಿಗೆ ಅಂಟುತ್ತದೆ. ಇಸ್ತ್ರಿ ಅನಿವಾರ್ಯವಾದರೆ ಟವೆಲಿನ ಮೇಲೆ ಮುಖ ಕೆಳಗೆ ಮಾಡಿ, ಮೇಲೆ ತೆಳು ಬಟ್ಟೆ ಹಾಸಿ ಒತ್ತಿರಿ, ಎಳೆಯಬೇಡಿ. ಜಿಪಿಓ ಲೇಸಿನ ಉಬ್ಬು ಉಳಿಯುವುದು ಹೀಗೆ ಒತ್ತಿದಾಗ ಮಾತ್ರ. ಪಾಲಿಯೆಸ್ಟರಿಗೆ ಅತಿ ಕಡಿಮೆ ಕಾವು. ಪ್ಲಾಸ್ಟಿಕ್ ಜರಿಗೆ ಇಸ್ತ್ರಿಯೇ ಬೇಡ.

ಹಂತ 5: ಹಚ್ಚಬೇಕೇ ಎಂದು ನಿರ್ಧರಿಸಿ, ಅಳತೆ ಹಾಕಿ

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಲೇಸ್ ಗಂಡಸರ ಕೊರಳಪಟ್ಟಿಯಲ್ಲಿಯೂ ರಾರಾಜಿಸುತ್ತಿತ್ತು. ಅದಕ್ಕಾಗಿ ವೆನಿಸ್ ಮತ್ತು ಫ್ಲಾಂಡರ್ಸಿಗೆ ಹರಿದುಹೋಗುತ್ತಿದ್ದ ಹಣವನ್ನು ತಡೆಯಲು ಫ್ರಾನ್ಸಿನ ಮಂತ್ರಿ ಕೋಲ್ಬೇರ್ 1665ರಲ್ಲಿ ತಮ್ಮ ದೇಶದಲ್ಲಿಯೇ ರಾಜಾಶ್ರಯದ ಲೇಸ್ ತಯಾರಿಕೆಯನ್ನು ಆರಂಭಿಸಿದನು. ರಾಣಿ ವಿಕ್ಟೋರಿಯಾ 1840ರ ತನ್ನ ಮದುವೆಗೆ ಡೆವನ್ ಸೀಮೆಯ ಕೈಲೇಸನ್ನೇ ತೊಟ್ಟಳು. ಯಂತ್ರದ ಹೊಡೆತಕ್ಕೆ ಸಿಕ್ಕ ಅಲ್ಲಿನ ಹೆಂಗಸರಿಗೆ ಕೆಲಸ ಸಿಗಲೆಂಬುದು ಉದ್ದೇಶ. ನಮ್ಮ ಚರ್ಚುಗಳ ಮದುಮಗಳ ಬಿಳಿ ಮುಸುಕಿನ ಅಂಚಿನಲ್ಲಿ ಆ ಪದ್ಧತಿಯ ನೆರಳಿದೆ. ಖಡಾ ದುಪಟ್ಟಾದ ಗೋಟಾ ಮದುವಣಗಿತ್ತಿಯ ಸಂಭ್ರಮದ ಗುರುತು, ಕುಂಚಿಗೆಯ ಅಂಚು ತೊಟ್ಟಿಲ ಕಾರ್ಯದ ದಿನ ಸೋದರತ್ತೆಯೋ ಅಜ್ಜಿಯೋ ತಂದ ಅಕ್ಕರೆಯ ಗುರುತು. ಹೀಗಾಗಿ ಯಾವ ಲೇಸನ್ನು ಯಾವ ಬಟ್ಟೆಗೆ ಹಚ್ಚುತ್ತೀರಿ ಎಂಬುದು ಬಣ್ಣ ಹೊಂದಿಸುವ ಮಾತಷ್ಟೇ ಆಗಿ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇಳಕಲ್ ಸೀರೆಗೆ, ಅಥವಾ ತನ್ನದೇ ದಡಿ ಮತ್ತು ಸೆರಗು ಇರುವ ಯಾವ ಕೈಮಗ್ಗದ ಸೀರೆಗೂ ಲೇಸ್ ಹಚ್ಚಬೇಡಿ. ನೇಕಾರನ ದಡಿ ಮುಚ್ಚಿಹೋಗುತ್ತದೆ, ಲೇಸೂ ಕಳೆಗಟ್ಟುವುದಿಲ್ಲ. ಒಂದೇ ಬಣ್ಣದ ಜಾರ್ಜೆಟ್, ಶಿಫಾನ್, ಸಾದಾ ಹತ್ತಿ ಬಟ್ಟೆಗಳಿಗೆ ಲೇಸ್ ಒಪ್ಪುತ್ತದೆ. ಕೈಯಲ್ಲಿ ಹೆಣೆದ ಹಳೆಯ ಪಟ್ಟಿ ಒಂದೆರಡು ಮೀಟರ್ ಮಾತ್ರ ಇದ್ದರೆ ಅದನ್ನು ಸೀರೆಗೆ ಸಾಲಿಸಲು ಹೆಣಗದೆ, ಕುಪ್ಪಸದ ತೋಳಿಗೋ ದಿಂಬಿನ ಗವಸಿಗೋ ಮೀಸಲಿಡಿ.

ಸೀರೆಗೆ ಹೊಸ ಲೇಸ್ ಕೊಳ್ಳುವಾಗ ಎಡವುವುದು ಅಳತೆಯಲ್ಲಿ. ಐದೂವರೆ ಮೀಟರ್ ಸೀರೆಯ ಕೆಳ ಅಂಚಿಗೆ 5.5 ಮೀಟರ್, ಸೆರಗಿನ ತುದಿಗೆ ಸುಮಾರು 1.15 ಮೀಟರ್, ಭುಜದ ಮೇಲೆ ಕಾಣುವ ಮೇಲಂಚಿಗೆ ಎರಡು ಅಥವಾ ಎರಡೂಕಾಲು ಮೀಟರ್ ಬೇಕು. ಒಟ್ಟು 8.9 ಮೀಟರಿನ ಆಸುಪಾಸು. ಅಂಗಡಿಯ ಸುರುಳಿ ಸಾಮಾನ್ಯವಾಗಿ 9 ಮೀಟರಿನದು. ಸಾಲುತ್ತದೆ ಎನ್ನಿಸುತ್ತದೆ, ಆದರೆ ಹತ್ತಿಯ ಲೇಸ್ ಮೊದಲ ಒಗೆತದಲ್ಲಿ ನೂರಕ್ಕೆ ಐದರಷ್ಟು ಕುಗ್ಗಿದರೂ 45 ಸೆಂಟಿಮೀಟರ್ ಹೋಯಿತು, ಮೂಲೆ ತಿರುಗಿಸಲು ಬೇಕಾದದ್ದು ಬೇರೆ. ಪೂರ್ತಿ ಮೇಲಂಚಿಗೂ ಬೇಕೆಂದರೆ ಎರಡು ಸುರುಳಿ ಅಗತ್ಯ, ಮತ್ತು ಅವೆರಡನ್ನೂ ಒಂದೇ ಸಲಕ್ಕೆ ಕೊಳ್ಳಿರಿ. ಮುಂದಿನ ವಾರ ಹೋದಾಗ ಸಿಗುವ ಬಿಳುಪು ಈ ವಾರದ ಬಿಳುಪಿಗೆ ಹೊಂದದೆ ಹೋಗಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಾಗಲಿ, ಬೀದರಿನ ಚೌಬಾರಾ ಹತ್ತಿರವಾಗಲಿ, ಹೈದರಾಬಾದಿನ ಲಾಡ್ ಬಜಾರಿಗೇ ಹೋಗಲಿ, ಸೀರೆಯ ಒಂದು ಮೂಲೆಯನ್ನು ಅಂಗಡಿಯ ಹೊರಗಿನ ಬೆಳಕಿನಲ್ಲಿ ಲೇಸಿನ ಪಕ್ಕ ಹಿಡಿದು ನೋಡಿರಿ. ಒಳಗಿನ ದೀಪದ ಕೆಳಗೆ ಎಲ್ಲ ಬಿಳಿಯೂ ಒಂದೇ.

ಹಂತ 6: ಹೊಲಿಯುವುದು

ಹತ್ತಿಯ ಲೇಸ್ ಮತ್ತು ಫಾಲ್ ಎರಡನ್ನೂ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಕುಗ್ಗಿಸಿಕೊಳ್ಳಿರಿ. ಇದನ್ನು ಬಿಟ್ಟವರ ಸೀರೆಯ ಅಂಚು ಮೊದಲ ಒಗೆತದಲ್ಲಿಯೇ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಮೊದಲು ಲೇಸ್, ಆಮೇಲೆ ಫಾಲ್: ಹಾಗೆ ಮಾಡಿದರೆ ಲೇಸಿನ ಹಿಂಬದಿಯ ಹೊಲಿಗೆಯನ್ನು ಫಾಲ್ ಮುಚ್ಚುತ್ತದೆ, ಕಾಲ್ಗೆಜ್ಜೆಗೆ ಸಿಕ್ಕಿ ಎಳೆ ಕೀಳುವುದಿಲ್ಲ.

ಲೇಸನ್ನು ಎಳೆಯದೆ, ಬಟ್ಟೆಯ ಮೇಲೆ ಸಡಿಲವಾಗಿ ಕೂರಿಸಿ, ಕೈಯಳತೆಗೊಂದು ಗುಂಡುಸೂಜಿ ಚುಚ್ಚಿ, ಕಚ್ಚಾ ಹೊಲಿಗೆ ಹಾಕಿಕೊಳ್ಳಿರಿ. ಮಷಿನ್ನಿನಲ್ಲಿ ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇರಲಿ. ನೆಟ್ ಲೇಸ್ ಮಷಿನ್ನಿನ ಹಲ್ಲುಗಳಿಗೆ ಸಿಕ್ಕಿ ಮುದ್ದೆಯಾದರೆ ಅದರ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಬಹುದು. ಅಚ್ಚಾದ ಪತ್ರಿಕೆಯ ಕಾಗದ ಬೇಡ, ಮಸಿ ಹಿಡಿಯುತ್ತದೆ. ಎರಡು ಇಂಚಿಗಿಂತ ಅಗಲದ ಲೇಸಿಗೆ ಮೇಲೂ ಕೆಳಗೂ ಎರಡು ಸಾಲು ಹೊಲಿಗೆ ಬೇಕು, ಇಲ್ಲದಿದ್ದರೆ ಕೆಳಭಾಗ ಜೋತುಬೀಳುತ್ತದೆ. ದರ್ಜಿಗೆ ಕೊಡುವುದಾದರೆ ಈ ಮಾತನ್ನು ಬಾಯಿಬಿಟ್ಟು ಹೇಳಿ ಕೊಡಿ, ಏಕೆಂದರೆ ಮದುವೆ ಸುಗ್ಗಿಯ ಅವಸರದಲ್ಲಿ ಒಂದೇ ಸಾಲು ಓಡಿಸುವುದು ರೂಢಿ.

ಮೂಲೆಯಲ್ಲಿ ಲೇಸನ್ನು ಸುಮ್ಮನೆ ಮಡಚಿ ತಿರುಗಿಸಿದರೆ ಅಲ್ಲಿ ಗಡ್ಡೆ ಕಟ್ಟುತ್ತದೆ. ಮೂಲೆಯವರೆಗೆ ಹೊಲಿದು, ಲೇಸನ್ನು ತನ್ನ ಮೇಲೆಯೇ ಮಡಚಿ, 45 ಡಿಗ್ರಿ ಓರೆಯಾಗಿ ಹೊಲಿಗೆ ಹಾಕಿ, ಹೆಚ್ಚಾದದ್ದನ್ನು ಕತ್ತರಿಸಿರಿ. ಕುಪ್ಪಸದ ಕೊರಳಿನಂತಹ ಬಾಗಿದ ಜಾಗದಲ್ಲಿ ಲೇಸಿನ ಒಳ ಅಂಚಿಗೆ ಸಣ್ಣ ಓಟದ ಹೊಲಿಗೆ ಹಾಕಿ, ದಾರ ಎಳೆದು ಸ್ವಲ್ಪ ನೆರಿಗೆಗೂಡಿಸಿದರೆ ಹೊರ ಅಂಚು ತಾನಾಗಿ ಹರಡಿಕೊಳ್ಳುತ್ತದೆ.

ಎರಡು ತುದಿಗಳನ್ನು ಕೂಡಿಸುವ ಕ್ರಮ ಮೊದಲ ಹಂತದಲ್ಲಿ ನೀವು ಗುರುತಿಸಿದ ಬಗೆಯನ್ನು ಅವಲಂಬಿಸಿದೆ. ಜಿಪಿಓ ಮತ್ತು ನೆಟ್ ಲೇಸಿನಲ್ಲಿ ಒಂದೇ ಹೂವು ಎರಡೂ ತುದಿಗಳಲ್ಲಿ ಬರುವಂತೆ ನೋಡಿಕೊಂಡು, ಒಂದರ ಮೇಲೊಂದು ಇಟ್ಟು, ಹೂವಿನ ಅಂಚಿನ ಗುಂಟ ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕಿ, ಹೆಚ್ಚಿನದನ್ನು ಕತ್ತರಿಸಿದರೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಹಕೋಬಾಕ್ಕೆ ಮಾಮೂಲಿ ಜೋಡು ಹೊಲಿಗೆ ಸಾಕು. ಕ್ರೋಶಾವನ್ನು ಕತ್ತರಿಸಲೇಬೇಕಾದರೆ, ಮೊದಲು ಕತ್ತರಿಸುವ ಜಾಗದ ಎರಡೂ ಬದಿಗೆ ಕೈಯಿಂದ ಒತ್ತಾದ ಹೊಲಿಗೆ ಹಾಕಿ, ನಡುವೆ ಕತ್ತರಿಸಿ, ತುದಿಯನ್ನು ಒಳಗೆ ಮಡಚಿ ಹೊಲಿಯಿರಿ. ಹೆಣೆಯಲು ಬರುವವರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಕೊನೆಯ ಗಂಟು ಬಿಚ್ಚಿ, ಬೇಕಾದಲ್ಲಿಯವರೆಗೆ ಹೆಣಿಕೆಯನ್ನು ಹಿಂದಕ್ಕೆ ಬಿಚ್ಚಿ, ಅಲ್ಲಿ ಎಳೆಯನ್ನು ಕುಣಿಕೆಯೊಳಗೆ ಎಳೆದು ಮುಚ್ಚುವುದು. ಹರಿದ ಕಂಬವನ್ನು ಮತ್ತೆ ಹೆಣೆಯಲು 20 ಅಥವಾ 40ನೆಯ ನಂಬರಿನ ಹತ್ತಿ ದಾರ, ಒಂದು ಮಿಲಿಮೀಟರಿನ ಆಸುಪಾಸಿನ ಸ್ಟೀಲ್ ಕೊಕ್ಕೆ ಬೇಕಾಗುತ್ತದೆ. ನಂಬರು ಹೆಚ್ಚಿದಷ್ಟೂ ದಾರ ತೆಳುವೆಂಬುದನ್ನು ಮರೆತು ದಪ್ಪ ದಾರ ತರುವವರೇ ಹೆಚ್ಚು.

ಹಂತ 7: ಕೂಸಿನ ಬಟ್ಟೆಗೆ ಹಚ್ಚುವಾಗ

ಕುಂಚಿಗೆ, ಕುಲಾವಿಗಳಿಗೆ ಹತ್ತಿಯ ಲೇಸ್ ಮಾತ್ರ ಬಳಸಿರಿ, ಅದೂ ಕೂಸಿನ ಬೆರಳು ತೂರದಷ್ಟು ಸಣ್ಣ ತೆರಪುಗಳದ್ದು. ಸಡಿಲವಾದ ಕುಣಿಕೆ ಅಥವಾ ಬಿಟ್ಟುಕೊಂಡ ಎಳೆ ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತ ಹರಿಯದಂತೆ ಬಿಗಿಯಬಹುದು. ಕೂಸು ಅಳುವ ಕಾರಣ ತಕ್ಷಣ ಹೊಳೆಯುವುದೂ ಇಲ್ಲ. ಹಾಗಾಗಿ ತೊಡಿಸುವ ಮುನ್ನ ಒಳಬದಿಯನ್ನು ತಿರುವಿ ನೋಡಿ, ಎಳೆಗಳನ್ನು ಕತ್ತರಿಸಿರಿ. ಗೋಟಾ, ಮಣಿ, ಟಿಕಳಿ ಇರುವ ಕುಂಚಿಗೆಯನ್ನು ಶಾಸ್ತ್ರದ ಹೊತ್ತಿಗೆ ತೊಡಿಸಿ, ಮಲಗಿಸುವ ಮುನ್ನ ತೆಗೆದುಬಿಡಿ.

ಹಂತ 8: ಎತ್ತಿಡುವುದು

ಗಂಜಿ ಹಾಕಿದ ಲೇಸನ್ನು ಎತ್ತಿಡಬೇಡಿ. ಗಂಜಿ ಬೆಳ್ಳಿಮೀನು ಹುಳುವಿನ ಆಹಾರ. ಮಡಚಿಟ್ಟ ಲೇಸ್ ಮಡಿಕೆಯ ಗೆರೆಯಲ್ಲಿಯೇ ಮೊದಲು ಹರಿಯುವುದರಿಂದ, ರಟ್ಟಿನ ಕೊಳವೆಗೆ ಮಲ್‌ಮಲ್ ಸುತ್ತಿ, ಅದರ ಮೇಲೆ ಲೇಸನ್ನು ಸುತ್ತಿ, ಹೊರಗೆ ಇನ್ನೊಂದು ಸುತ್ತು ಮಲ್‌ಮಲ್ ಹಾಕಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೂ, ಕಬ್ಬಿಣದ ಟ್ರಂಕಿನ ತಳಕ್ಕೆ ನೇರವಾಗಿ ತಾಗಿಸುವುದೂ, ದಿನಪತ್ರಿಕೆ ಹಾಸುವುದೂ ಬೇಡ. ನುಸಿ ಗುಳಿಗೆಯನ್ನು ಬಟ್ಟೆಗೆ ಕಟ್ಟಿ ಮೂಲೆಯಲ್ಲಿಡಿ, ಲೇಸಿಗೆ ತಾಗುವಂತೆ ಬೇಡ. ಗೋಟಾವನ್ನು ಬೇರೆಯದೇ ಬಟ್ಟೆಯಲ್ಲಿ ಸುತ್ತಿಡಿ. ಅದರ ಪಕ್ಕದಲ್ಲಿ ರಬ್ಬರು, ಉಣ್ಣೆಯ ಬಟ್ಟೆ ಇದ್ದರೆ ಅವುಗಳ ಗಂಧಕದ ಅಂಶ ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತದೆ.

ಸುರುಳಿಯ ಜೊತೆಗೆ ಒಂದು ಚೀಟಿಯಿರಲಿ. ಪೆನ್ಸಿಲಿನಲ್ಲಿ ಯಾರು ಹೆಣೆದದ್ದು ಅಥವಾ ಯಾವ ಬಟ್ಟೆಯಿಂದ ಬಿಚ್ಚಿದ್ದು, ಯಾವ ಎಳೆ, ಎಷ್ಟು ಮೀಟರ್, ಯಾವಾಗ ತೊಳೆದದ್ದು ಎಂದು ಬರೆದು, ಚೀಟಿಯನ್ನು ಮಲ್‌ಮಲ್ಲಿನ ಹೊರ ಸುತ್ತಿಗೆ ದಾರದಿಂದ ಕಟ್ಟಿರಿ, ಪಿನ್ನು ಚುಚ್ಚಬೇಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸುರುಳಿ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹಾಕಿ, ಈ ಸಲ ಇನ್ನೊಂದು ತುದಿಯಿಂದ ಸುತ್ತಿಡಿ.